ಗಡ್ಡೆಯ ಲೆಕ್ಕ ಎಲೆಯಲ್ಲಿ

ಅಡುಗೆಮನೆಯಲ್ಲಿ ಈರುಳ್ಳಿಯೊಂದನ್ನು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿ ನೋಡಿದರೆ ಸಸ್ಯಶಾಸ್ತ್ರದ ಒಂದು ಪಾಠವೇ ಬಿಚ್ಚಿಕೊಳ್ಳುತ್ತದೆ. ತಳದಲ್ಲಿ, ಬೇರುಗಳು ಹೊರಡುವ ಜಾಗದಲ್ಲಿ, ಸಣ್ಣ ಬಿಲ್ಲೆಯಂಥ ಗಟ್ಟಿ ಭಾಗವೊಂದಿದೆ. ಈರುಳ್ಳಿಯ ಕಾಂಡವೆಂದರೆ ಅಷ್ಟೆ. ಅದರ ಮೇಲೆ ಒಂದರೊಳಗೊಂದು ಹೊಂದಿಕೊಂಡು ಕುಳಿತ ರಸಭರಿತ ಪದರಗಳೆಲ್ಲ ಎಲೆಗಳು. ಹಳೆ ಮೈಸೂರಿನ ಕಡೆ ಈರುಳ್ಳಿ, ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ, ಕರಾವಳಿಯಲ್ಲಿ ನೀರುಳ್ಳಿ. ಹೆಸರು ಏನೇ ಇರಲಿ, ಜನ ಗಡ್ಡೆ ಎಂದು ಕರೆಯುವುದು ಊದಿಕೊಂಡ ಎಲೆಬುಡಗಳ ಕಂತೆಯನ್ನೇ.

ಹೊಲದಲ್ಲಿ ಮೇಲೆದ್ದು ನಿಂತ ಹಸಿರು ಕೊಳವೆಗಳು ಬಿಸಿಲಿನಲ್ಲಿ ತಯಾರಿಸಿದ ಆಹಾರವನ್ನು ತಮ್ಮದೇ ಬುಡಕ್ಕೆ ಇಳಿಸುತ್ತವೆ. ಆ ಆಹಾರದ ದಾಸ್ತಾನೇ ಗಡ್ಡೆ. ಆದರೂ ಬೆಳೆ ಹೇಗಿದೆ ಎಂದು ಯಾರಾದರೂ ಕೇಳಿದರೆ ರೈತ ಮಣ್ಣು ಕೆದರಿ ಗಡ್ಡೆಯ ಗಾತ್ರ ತೋರಿಸುತ್ತಾನೆಯೇ ಹೊರತು ಎಲೆ ತೋರಿಸುವುದು ಕಡಿಮೆ. ಚಿತ್ರದುರ್ಗ, ಗದಗ, ಧಾರವಾಡ, ಹಾವೇರಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮುಂಗಾರು ಈರುಳ್ಳಿಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಮಾತ್ರ ಎಲೆಯ ಮೇಲೆ. ಅಲ್ಲಿ ಎದುರಾಳಿಯಾಗಿ ನಿಲ್ಲುವುದು ಬರಿಗಣ್ಣಿಗೆ ಕಾಣದ ಒಂದು ಬೂಷ್ಟು.

ಈ ಬೂಷ್ಟಿಗೆ ವಿಜ್ಞಾನದಲ್ಲಿ ಆಲ್ಟರ್ನೇರಿಯಾ ಪೊರ್ರಿ ಎಂದು ಹೆಸರು. ಅಮೆರಿಕದ ಶಿಲೀಂಧ್ರ ತಜ್ಞ ಎಲ್ಲಿಸ್ 1879ರಲ್ಲಿ ಇದನ್ನು ಬೇರೊಂದು ಕುಲದ ಹೆಸರಿನಲ್ಲಿ ವರ್ಣಿಸಿದ. 1930ರಲ್ಲಿ ಇಟಲಿಯ ಸಿಫೆರ್ರಿ ಈಗಿನ ಕುಲಕ್ಕೆ ಸೇರಿಸಿದ. ಪೊರ್ರಿ ಎಂಬ ಪದ ಬಂದದ್ದು ಈರುಳ್ಳಿಯ ಬಂಧುವಾದ ಲೀಕ್ ಎಂಬ ತರಕಾರಿಯ ಲ್ಯಾಟಿನ್ ಹೆಸರಿನಿಂದ. ಅದು ತರುವ ಕಾಯಿಲೆಗೆ ನೇರಳೆ ಮಚ್ಚೆ ರೋಗ ಎಂಬ ಹೆಸರು ಕನ್ನಡದಲ್ಲಿ ನಿಂತಿದೆ. ಹೆಸರಿನಲ್ಲೇ ಗುರುತೂ ಇದೆ. ಮೊದಲು ಎಲೆಯ ಮೇಲೆ ನೀರಲ್ಲಿ ನೆನೆದಂತೆ ಕಾಣುವ ಚಿಕ್ಕ ಚುಕ್ಕೆ, ನಡುವೆ ಬಿಳಿ. ನಂತರ ಅದು ಉದ್ದಕ್ಕೆ ಹಿಗ್ಗಿ ಕಂದಾಗುತ್ತದೆ, ನೇರಳೆಯಾಗುತ್ತದೆ, ಸುತ್ತ ಹಳದಿ ಅಂಚು ಕಟ್ಟಿಕೊಳ್ಳುತ್ತದೆ. ಹವೆ ತೇವವಾಗಿದ್ದರೆ ಮಚ್ಚೆಯ ಮೇಲೆ ಒಂದರ ಸುತ್ತ ಒಂದು ಕಪ್ಪು ಉಂಗುರಗಳು ಮೂಡುತ್ತವೆ. ಮಚ್ಚೆ ಎಲೆಯ ಸುತ್ತಳತೆಯನ್ನು ಬಳಸಿತೆಂದರೆ ಎಲೆ ಆ ಜಾಗದಲ್ಲೇ ಮುರಿದು ಬೀಳುತ್ತದೆ. ಬೀಜಕ್ಕಾಗಿ ಬಿಟ್ಟ ಬೆಳೆಯಲ್ಲಿ ಹೂದಂಟೂ ಹೀಗೆಯೇ ಮುರಿಯುತ್ತದೆ, ಬೀಜ ಜೊಳ್ಳಾಗುತ್ತದೆ.

ಹಳ್ಳಿಗಳಲ್ಲಿ ಈ ಹೆಸರು ಬಳಸುವವರು ಕಡಿಮೆ. ಎಲೆ ಬೆಳ್ಳಗಾಗಿ ಸುಟ್ಟಂತಾದರೆ ಕೆಲವೆಡೆ ಮಜ್ಜಿಗೆ ರೋಗ ಎನ್ನುತ್ತಾರೆ. ಕೆಲವೆಡೆ ಎಲ್ಲವೂ ‘ಬೆಂಕಿ ಬಿದ್ದದ್ದು’. ಆಡುಮಾತಿನ ಹೆಸರುಗಳಲ್ಲಿ ತಪ್ಪೇನಿಲ್ಲ, ಅವು ಕಣ್ಣಾರೆ ಕಂಡದ್ದನ್ನೇ ಹೇಳುತ್ತವೆ. ತೊಂದರೆಯಾಗುವುದು ಆ ಒಂದು ಹೆಸರು ಹಿಡಿದು ಔಷಧದ ಅಂಗಡಿಗೆ ಹೋದಾಗ. ಈರುಳ್ಳಿ ಎಲೆ ಒಣಗುವುದಕ್ಕೆ ಕಾರಣಗಳು ಹಲವು, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎಲೆಯ ತುಂಬ ಬೆಳ್ಳಿಗೆರೆಗಳಂಥ ಗೀರುಗಳು, ನಡುನಡುವೆ ಕರಿಯ ಚುಕ್ಕೆಗಳು ಇದ್ದರೆ ಅದು ಬೂಷ್ಟಲ್ಲ, ಥ್ರಿಪ್ಸ್ ನುಸಿ. ಸುಳಿಯ ಎಲೆಗಳನ್ನು ಬಿಡಿಸಿದರೆ ಎಳ್ಳಿಗಿಂತ ಸಣ್ಣ ಹಳದಿ ಹುಳುಗಳು ಓಡುತ್ತವೆ. ತುದಿಯಿಂದ ಮಾತ್ರ ಒಣಗುತ್ತ ಬಂದು, ಹೊಲದ ತಗ್ಗಿನಲ್ಲೇ ಹೆಚ್ಚು ಕಂಡರೆ ನಿಂತ ನೀರನ್ನು ಶಂಕಿಸಬೇಕು. ಎಲೆಗಳು ಹಾವಿನಂತೆ ಸುರುಳಿ ಸುತ್ತಿ, ಕುತ್ತಿಗೆ ಉದ್ದಕ್ಕೆ ಎಳೆದುಕೊಂಡು, ಗಡ್ಡೆ ಸಣಕಲಾಗಿದ್ದರೆ ಅದು ಕೊಲೆಟೋಟ್ರೈಕಮ್ ಎಂಬ ಇನ್ನೊಂದು ಶಿಲೀಂಧ್ರ ತರುವ ತಿರುಚು ರೋಗ. ದಕ್ಷಿಣ ಅಮೆರಿಕದ ಬ್ರೆಜಿಲ್‌ನಲ್ಲಿ ಇದನ್ನು ಏಳು ಸುರುಳಿ ರೋಗ ಎಂದು ಕರೆದರು. ಈಚಿನ ವರ್ಷಗಳಲ್ಲಿ ಚಿತ್ರದುರ್ಗದ ಸುತ್ತ ಮುಂಗಾರಿನಲ್ಲಿ ಅದೂ ಸಾಕಷ್ಟು ಕಾಡಿದೆ. ಇವೆಲ್ಲದರ ಜೊತೆಗೆ ಸ್ಟೆಂಫೀಲಿಯಂ ಎಂಬ ಮೂರನೆಯ ಬೂಷ್ಟೂ ಇದೆ. ಅದರ ಮಚ್ಚೆ ಮೊದಮೊದಲು ಹಳದಿ-ಕಿತ್ತಳೆ ಬಣ್ಣದ ಪಟ್ಟಿಯಂತಿರುತ್ತದೆ, ಮುದಿಯಾದ ಮೇಲೆ ನೇರಳೆ ಮಚ್ಚೆಯಿಂದ ಬೇರ್ಪಡಿಸುವುದು ಕಣ್ಣಿಗೆ ಕಷ್ಟ. ಹಲವು ಸಲ ಎರಡೂ ಒಂದೇ ಎಲೆಯ ಮೇಲೆ ಇರುತ್ತವೆ.

ನೇರಳೆ ಮಚ್ಚೆಯ ದಿನಚರಿ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಅದು ನಿಜಕ್ಕೂ ರಾತ್ರಿಪಾಳಿಯ ಕೆಲಸಗಾರ. ಸಂಜೆ ಇಬ್ಬನಿ ಇಳಿದು ಗಾಳಿಯಲ್ಲಿ ತೇವ ತುಂಬಿದಾಗ ಹಳೆಯ ಮಚ್ಚೆಗಳ ಮೇಲೆ ಹೊಸ ಬೀಜಕಗಳು ರೂಪುಗೊಳ್ಳುತ್ತವೆ. ಬೆಳಿಗ್ಗೆ ಬಿಸಿಲೇರಿ ಎಲೆ ಆರುತ್ತಿದ್ದಂತೆ ಅವು ಕಳಚಿಕೊಂಡು ಗಾಳಿ ಹತ್ತುತ್ತವೆ. ಪಕ್ಕದ ಗಿಡದ ಎಲೆಯ ಮೇಲೆ ಇಳಿದ ಬೀಜಕ ಅಲ್ಲಿ ಕಾಯುತ್ತದೆ. ಎಲೆ ಮತ್ತೆ ಒದ್ದೆಯಾಗಿ ಕೆಲವು ತಾಸು ಹಾಗೆಯೇ ಉಳಿದರೆ ಮೊಳೆತು, ಪತ್ರರಂಧ್ರದ ಮೂಲಕವೋ ಸಿಪ್ಪೆಯನ್ನೇ ಕೊರೆದೋ ಒಳಗೆ ಸೇರುತ್ತದೆ. ಒಳಹೊಕ್ಕ ನಾಲ್ಕು ದಿನದೊಳಗೆ ಚುಕ್ಕೆ ಕಾಣಿಸಿಕೊಳ್ಳಬಹುದು, ಐದನೆಯ ದಿನದ ಹೊತ್ತಿಗೆ ಆ ಚುಕ್ಕೆಯೇ ಹೊಸ ಬೀಜಕಗಳ ಕಾರ್ಖಾನೆ. ಇದಕ್ಕೆ ಹಿಡಿಸುವ ಉಷ್ಣತೆ ಸುಮಾರು 25 ಡಿಗ್ರಿ. ಬಯಲುಸೀಮೆಯ ಮುಂಗಾರಿನ ಮೋಡ ಕವಿದ ದಿನವೆಂದರೆ ಸರಿಸುಮಾರು ಅದೇ.

ಹೀಗಾಗಿ ಒಂದು ದಿನ ಧೋ ಎಂದು ಸುರಿದು ಮರುದಿನ ಬಿಸಿಲು ಬಂದರೆ ಎಲೆಗೆ ಆಗುವ ಹಾನಿ ಕಡಿಮೆ. ವಾರಗಟ್ಟಲೆ ಜಿಟಿಜಿಟಿ ಹಿಡಿದು ಸೂರ್ಯನ ಮುಖವೇ ಕಾಣದಿದ್ದರೆ ಆಗ ಅಪಾಯ. ಮಳೆಮಾಪಕದಲ್ಲಿ ಎಷ್ಟು ಮಿಲಿಮೀಟರ್ ಎನ್ನುವುದಕ್ಕಿಂತ ಎಲೆ ಎಷ್ಟು ತಾಸು ಒದ್ದೆಯಾಗಿತ್ತು ಎನ್ನುವ ಲೆಕ್ಕ ಇಲ್ಲಿ ಮುಖ್ಯ. 2019ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಈರುಳ್ಳಿ ಸೀಮೆಯಲ್ಲಿ ಮಳೆ ಬಿಡದೆ ಹಿಡಿಯಿತು. ನೀರು ನಿಂತು ಕೊಳೆತದ್ದು, ಎಲೆ ಸುಟ್ಟು ಗಡ್ಡೆ ಕಟ್ಟದೆ ಹೋದದ್ದು, ಎರಡೂ ಸೇರಿ ಮುಂಗಾರು ಬೆಳೆ ನೆಲಕಚ್ಚಿತು. ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ರಫ್ತು ನಿಷೇಧಿಸಿತು. ಡಿಸೆಂಬರ್ ಹೊತ್ತಿಗೆ ಪೇಟೆಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತು. ಪಟ್ಟಣದ ಮನೆಗಳಲ್ಲಿ ಈರುಳ್ಳಿಯಿಲ್ಲದ ಸಾಂಬಾರು ಆಯಿತು. ದರ ಏರಿದರೂ ಮಾರಲು ಚೀಲವೇ ಇಲ್ಲದ ಬೆಳೆಗಾರನ ಮನೆಯಲ್ಲಿ ಹಾಸ್ಟೆಲ್ ಶುಲ್ಕದ ಮಾತು ಮುಂದಕ್ಕೆ ಹೋಯಿತು.

ಎಲೆ ಹೋದರೆ ಹೋಗಲಿ, ಮತ್ತೆ ಚಿಗುರುತ್ತದೆ ಎನ್ನುವ ಧೈರ್ಯ ಈರುಳ್ಳಿಯಲ್ಲಿ ನಡೆಯುವುದಿಲ್ಲ. ಹತ್ತಿ, ಬದನೆಯಂಥ ಗಿಡಗಳು ಕೆಲವು ಎಲೆ ಕಳೆದುಕೊಂಡರೂ ಹೊಸ ಕೊನರು ಬಿಟ್ಟು ಸುಧಾರಿಸಿಕೊಳ್ಳುತ್ತವೆ. ಈರುಳ್ಳಿಯ ಸ್ವಭಾವ ಬೇರೆ. ಹಗಲಿನ ಉದ್ದ ಮತ್ತು ಉಷ್ಣತೆಯ ಸೂಚನೆ ಸಿಕ್ಕಿ ಗಡ್ಡೆ ಕಟ್ಟಲು ತೊಡಗಿತೆಂದರೆ ಗಿಡ ಹೊಸ ಹಸಿರೆಲೆ ಹೊರಡಿಸುವುದನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಒಳಗೆ ಹುಟ್ಟುವುದು ಹಸಿರು ಅಲಗಿಲ್ಲದ ಬರಿಯ ಪದರಗಳು. ಅಂದರೆ ಆ ಹೊತ್ತಿಗೆ ಗಿಡದ ಮೇಲೆ ಎಂಟು ಎಲೆ ಇದ್ದರೆ ಎಂಟೇ ಬಂಡವಾಳ. ಮೂರು ಮಚ್ಚೆಗೆ ಹೋದರೆ ಉಳಿದ ಐದರಲ್ಲೇ ಗಡ್ಡೆ ತುಂಬಬೇಕು. ಜೊತೆಗೆ ಬಲಿತ ಎಲೆಗೆ ಎಳೆಯ ಎಲೆಗಿಂತ ಬೇಗ ರೋಗ ತಗಲುತ್ತದೆ. ಗಡ್ಡೆ ಊದುವ ಕಾಲಕ್ಕೆ ಎಲೆಗಳೆಲ್ಲ ಬಲಿತೇ ಇರುತ್ತವೆ. ಈ ಎರಡು ಸಂಗತಿ ಒಟ್ಟಿಗೆ ಬರುವುದೇ ಈರುಳ್ಳಿಯ ದುರದೃಷ್ಟ. ಹೊಲವೆಲ್ಲ ನೇರಳೆಯಾದ ಮೇಲೆ ದುಬಾರಿ ಔಷಧದ ಡಬ್ಬಿ ಹಿಡಿದು ಓಡುವುದು ಹಣವನ್ನು ನೀರಿನಲ್ಲಿ ಕಲಸಿ ಚೆಲ್ಲಿದಂತೆ. ಸತ್ತ ಎಲೆಯನ್ನು ಹಸಿರಾಗಿಸುವ ಮದ್ದು ಯಾವ ಕಂಪನಿಯಲ್ಲೂ ಇಲ್ಲ.

ಹಾಗಾದರೆ ಕೆಲಸ ಶುರುವಾಗಬೇಕಾದದ್ದು ಬಿತ್ತನೆಗೂ ಮೊದಲು. ಈ ಬೂಷ್ಟು ಹೊಲದಲ್ಲಿ ಉಳಿದ ಹಳೆಯ ಈರುಳ್ಳಿ ಎಲೆ, ದಂಟುಗಳಲ್ಲಿ ಮುಂದಿನ ಹಂಗಾಮಿನವರೆಗೆ ಜೀವ ಹಿಡಿದುಕೊಂಡಿರುತ್ತದೆ. ಬೀಜದ ಜೊತೆಗೂ ಬರುತ್ತದೆ. ಕೊಯ್ಲಿನ ನಂತರ ಕತ್ತರಿಸಿದ ಎಲೆ, ಕೊಳೆತ ಗಡ್ಡೆಗಳನ್ನು ಬದುವಿನ ಮೇಲೆ ಗುಡ್ಡೆ ಹಾಕಿ ಬಿಡುವುದು ಬಹಳ ಕಡೆ ಕಾಣುವ ಅಭ್ಯಾಸ. ಮುಂದಿನ ವರ್ಷದ ಮೊದಲ ಬೀಜಕಗಳು ಹೊರಡುವುದು ಆ ಗುಡ್ಡೆಯಿಂದಲೇ. ಅದನ್ನು ಗುಂಡಿ ತೋಡಿ ಹೂಳಬೇಕು. ಒಂದೇ ಹೊಲದಲ್ಲಿ ವರ್ಷವೂ ಈರುಳ್ಳಿ ಹಾಕದೆ ಎರಡು ಮೂರು ವರ್ಷ ಜೋಳ, ಮೆಕ್ಕೆಜೋಳ, ಶೇಂಗಾ, ಕಾಳುಗಳಿಗೆ ಬಿಟ್ಟುಕೊಡುವುದು ಒಳ್ಳೆಯದು. ಬದಲಿಗೆ ಬೆಳ್ಳುಳ್ಳಿ ಹಾಕಿದರೆ ಪ್ರಯೋಜನವಿಲ್ಲ, ಅದೂ ಅದೇ ವಂಶ, ಅದೇ ರೋಗ. ಸಣ್ಣ ಹಿಡುವಳಿಯವನಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ ಎಂಬುದೂ ನಿಜ. ಇರುವ ಎರಡು ಎಕರೆಯಲ್ಲಿ ಕೈಗೆ ರೊಕ್ಕ ಕೊಡುವುದು ಉಳ್ಳಾಗಡ್ಡಿಯೊಂದೇ ಆದಾಗ ಹೊಲವನ್ನು ಅರ್ಧರ್ಧ ಮಾಡಿ ಪಾಳಿ ಹಚ್ಚಿದರೂ ಅಷ್ಟರಮಟ್ಟಿಗೆ ಲಾಭವೇ.

ತಳಿಯ ಆಯ್ಕೆಯಲ್ಲೂ ಒಂದಿಷ್ಟು ಅನುಕೂಲವಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ತಳಿ ಮುಂಗಾರಿಗೆ ಹೊಂದುತ್ತದೆ, ನೇರಳೆ ಮಚ್ಚೆಯನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಒಂದು ಮಟ್ಟಿಗೆ ಎಂಬ ಮಾತನ್ನು ಮರೆಯಬಾರದು. ಪೂರ್ಣ ನಿರೋಧಕ ಎಂದು ಹೇಳಿ ಮಾರುವವರಿಂದ ಬೀಜ ಕೊಳ್ಳದಿರುವುದೇ ಕ್ಷೇಮ.

ಉಳಿದದ್ದೆಲ್ಲ ಎಲೆಯನ್ನು ಬೇಗ ಒಣಗಿಸುವ ಉಪಾಯಗಳು. ಸಮತಟ್ಟು ಮಡಿಗಿಂತ ಏರುಮಡಿ ಮೇಲು. ಸುಮಾರು 120 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಮಡಿ ಮಾಡಿ ನಡುವೆ ಕಾಲುವೆ ಬಿಟ್ಟರೆ ಎರೆಭೂಮಿಯಲ್ಲೂ ನೀರು ನಿಲ್ಲುವುದಿಲ್ಲ. ಸಸಿ ನಾಟಿ ಮಾಡುವವರು ಸಾಲಿನಿಂದ ಸಾಲಿಗೆ 15, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರ ಇಡುತ್ತಾರೆ. ಉತ್ತರ ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ ಬೀಜವನ್ನೇ ನೇರ ಬಿತ್ತುವ ರೂಢಿ. ಅಲ್ಲಿ ಗಿಡಗಳು ಒತ್ತೊತ್ತಾಗಿ ಬಂದಾಗ ಕಿತ್ತು ಅಂತರ ಮಾಡಲು ಮನಸ್ಸಾಗುವುದಿಲ್ಲ. ಆದರೆ ಒತ್ತಾಗಿ ನಿಂತ ಗಿಡಗಳ ನಡುವೆ ಗಾಳಿಯಾಡದೆ ಇಬ್ಬನಿ ಹತ್ತು ಗಂಟೆಯಾದರೂ ಆರುವುದಿಲ್ಲ. ಎಡೆ ಹೊಡೆಯುವಾಗಲೇ ಕಳೆಯ ಜೊತೆ ಹೆಚ್ಚಿನ ಗಿಡಗಳನ್ನೂ ತೆಗೆಯುವುದು ಲೇಸು, ಕಿತ್ತ ಎಳೆ ಈರುಳ್ಳಿ ಮನೆಯ ಪಲ್ಯಕ್ಕಾಗುತ್ತದೆ. ತುಂತುರು ನೀರಾವರಿ ಇರುವವರು ಸಂಜೆ ನೀರು ಹಾರಿಸಿದರೆ ಬೂಷ್ಟಿನ ರಾತ್ರಿಪಾಳಿಗೆ ಊಟ ಬಡಿಸಿದಂತೆ. ಬೆಳಿಗ್ಗೆ ಹಾಯಿಸಿದರೆ ಮಧ್ಯಾಹ್ನದೊಳಗೆ ಎಲೆ ಆರುತ್ತದೆ. ಹನಿ ನೀರಾವರಿಯಲ್ಲಂತೂ ಎಲೆ ಒದ್ದೆಯಾಗುವುದೇ ಇಲ್ಲ. ಯೂರಿಯಾದ ಮೋಹವೂ ಬೇಡ. ಬೆಳೆ ಕಪ್ಪುಹಸಿರಾಗಿ ನಳನಳಿಸಿದರೆ ಕಣ್ಣಿಗೆ ಹಬ್ಬ, ಆದರೆ ಎಲೆ ಮೆತ್ತಗಾಗುತ್ತದೆ, ಕುತ್ತಿಗೆ ದಪ್ಪವಾಗುತ್ತದೆ, ಅಂಥ ಗಡ್ಡೆ ದಾಸ್ತಾನಿನಲ್ಲಿ ಉಳಿಯುವುದಿಲ್ಲ. ನಾಟಿಯಾಗಿ ಎರಡು ತಿಂಗಳು ಕಳೆದ ಮೇಲೆ ಸಾರಜನಕ ಕೊಡಬಾರದು. ಥ್ರಿಪ್ಸ್ ನುಸಿಯನ್ನು ಹತೋಟಿಯಲ್ಲಿಡುವುದೂ ಈ ರೋಗದ ಚಿಕಿತ್ಸೆಯ ಭಾಗವೇ. ನುಸಿ ಕೆರೆದ ಎಲೆಗೆ ಬೂಷ್ಟು ಬೇಗ ಹತ್ತುತ್ತದೆ.

ಇಷ್ಟಾದರೂ ಹವೆ ಕೈಕೊಟ್ಟರೆ ಸಿಂಪರಣೆ ಬೇಕಾಗುತ್ತದೆ. ಇಲ್ಲಿ ಎರಡು ಬಗೆಯ ಔಷಧಗಳ ವ್ಯತ್ಯಾಸ ತಿಳಿದಿರಬೇಕು. ಮ್ಯಾಂಕೋಜೆಬ್‌ನಂಥವು ಎಲೆಯ ಮೇಲೆ ಕೊಡೆಯಂತೆ ಕುಳಿತು ಬೀಜಕ ಮೊಳೆಯದಂತೆ ತಡೆಯುತ್ತವೆ, ಒಳಗೆ ಹೊಕ್ಕ ರೋಗವನ್ನು ಏನೂ ಮಾಡುವುದಿಲ್ಲ. ಲೀಟರ್ ನೀರಿಗೆ ಎರಡೂವರೆ ಗ್ರಾಂ ಎಂಬುದು ಇದರ ಬಹುಕಾಲದ ಶಿಫಾರಸು. ಟೆಬುಕೊನಜೋಲ್, ಡೈಫೆನೊಕೊನಜೋಲ್‌ನಂಥವು ಎಲೆಯೊಳಗೆ ಇಳಿದು ಆಗಷ್ಟೇ ಹೊಕ್ಕ ರೋಗವನ್ನೂ ಹಿಡಿಯುತ್ತವೆ. ಆದರೆ ಅದನ್ನೇ ಮತ್ತೆ ಮತ್ತೆ ಹೊಡೆದರೆ ಬೂಷ್ಟು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೋಡ ಕವಿಯುವ ಮುನ್ಸೂಚನೆ ಸಿಕ್ಕಾಗ ಮೊದಲ ಬಗೆ, ಮಚ್ಚೆ ಕಂಡ ಕೂಡಲೇ ಎರಡನೆಯದು, ಹತ್ತು ಹದಿನೈದು ದಿನದ ಅಂತರದಲ್ಲಿ ಅದಲುಬದಲು, ಇದು ಜಾಣ ದಾರಿ. ಅಂಗಡಿಯವನು ಕಟ್ಟಿಕೊಡುವ ನಾಲ್ಕೈದು ಪೊಟ್ಟಣಗಳ ಮಿಶ್ರಣದಲ್ಲಿ ಎಷ್ಟು ಬೆಳೆಗೆ, ಎಷ್ಟು ಅವನ ಲಾಭಕ್ಕೆ ಎಂದು ಕೇಳುವ ಹಕ್ಕು ರೈತನಿಗಿದೆ. ಲೇಬಲ್ಲಿನಲ್ಲಿ ಈರುಳ್ಳಿಯ ಹೆಸರು, ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬ ವಿವರ ನೋಡಿಯೇ ಕೊಳ್ಳಬೇಕು. ಅಕ್ಷರ ಸಣ್ಣದಾಗಿದ್ದರೆ ಓದಿ ಹೇಳಲು ಮನೆಯಲ್ಲಿ ಹೈಸ್ಕೂಲು ಓದುವ ಮಗಳೋ ಮಗನೋ ಇರುತ್ತಾರಲ್ಲ. ಸಂಶಯವಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಒಂದು ರೋಗದ ಎಲೆ ಹಿಡಿದುಕೊಂಡೇ ಹೋಗಬಹುದು.

ಈರುಳ್ಳಿ ಎಲೆಯ ಮೇಲೆ ಮೇಣದ ಲೇಪವಿದೆ, ಜೊತೆಗೆ ಅದು ನೆಟ್ಟಗೆ ನಿಂತಿರುತ್ತದೆ. ಬರಿ ನೀರಿನಲ್ಲಿ ಕಲಸಿದ ಔಷಧ ಕೆಸುವಿನೆಲೆಯ ಮೇಲಿನ ಹನಿಯಂತೆ ಉರುಳಿ ನೆಲ ಸೇರುತ್ತದೆ. ಅದಕ್ಕೇ ಅಂಟು ದ್ರಾವಣ ಬೆರೆಸಲೇಬೇಕು. ಎಷ್ಟೋ ಹೊಲಗಳಲ್ಲಿ ‘ಔಷಧ ಕೆಲಸ ಮಾಡಲಿಲ್ಲ’ ಎಂಬ ದೂರಿನ ಹಿಂದೆ ಇರುವುದು ಈ ಸಣ್ಣ ಮರೆವು.

ಮಕ್ಕಳ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ರಜೆಯ ದಿನ ಮಗನ ಬೆನ್ನಿಗೆ ಸಿಂಪಡಿಸುವ ಯಂತ್ರ ಏರಿಸುವುದು, ಮಗಳು ಬರಿಗೈಯಲ್ಲಿ ಔಷಧ ಕಲಸುವುದು, ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರು ಒಯ್ಯುವುದು ಇವೆಲ್ಲ ಹಳ್ಳಿಯಲ್ಲಿ ಕಾಣದ ದೃಶ್ಯಗಳೇನಲ್ಲ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ಕೆಂಪಿದ್ದರೆ ಅತಿ ತೀವ್ರ ವಿಷ, ನಂತರ ಹಳದಿ, ನೀಲಿ, ಹಸಿರು. ಹಸಿರು ತ್ರಿಕೋನವೆಂದರೆ ವಿಷವೇ ಅಲ್ಲ ಎಂದು ಅರ್ಥವಲ್ಲ. ಬೆಳೆಯುವ ಮೈಗೆ ಯಾವ ಬಣ್ಣದ್ದೂ ಒಳ್ಳೆಯದಲ್ಲ.

ವಿದ್ಯಾರ್ಥಿಗೆ ಒಪ್ಪುವ ಕೆಲಸ ಬೇರೆ ಇದೆ, ಅದು ಸಿಂಪರಣೆಗಿಂತ ಹೆಚ್ಚು ಬೆಲೆಯದು. ಔಷಧ ಹೊಡೆಯದ ದಿನಗಳಲ್ಲಿ, ವಾರಕ್ಕೆ ಎರಡು ಸಲ, ಶಾಲೆಗೆ ಹೊರಡುವ ಮೊದಲು ಒಂದು ನೋಟ್‌ಬುಕ್ ಹಿಡಿದು ಹೊಲಕ್ಕೆ ಹೋದರೆ ಸಾಕು. ನಾಲ್ಕು ಮೂಲೆ, ಒಂದು ನಡುವೆ, ಹೀಗೆ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ ಎಷ್ಟರಲ್ಲಿ ಮಚ್ಚೆಯಿದೆ ಎಂದು ಬರೆಯುವುದು. ಒಟ್ಟು ನೂರು ಗಿಡವಾದ್ದರಿಂದ ಶೇಕಡಾ ಲೆಕ್ಕ ತಾನಾಗಿ ಸಿಗುತ್ತದೆ. ಎಷ್ಟು ಹೊತ್ತಿಗೆ ಇಬ್ಬನಿ ಆರಿತು ಎಂದೂ ಗುರುತು ಹಾಕಬೇಕು. ಸೋಮವಾರ ಎರಡಿದ್ದದ್ದು ಶುಕ್ರವಾರ ಒಂಬತ್ತಾದರೆ, ಜೊತೆಗೆ ಮೋಡವೂ ಇದ್ದರೆ, ಅಪ್ಪ ಅಂಗಡಿಗೆ ಹೋಗುವ ಹೊತ್ತು ಬಂತು. ಎರಡು ಎರಡಾಗಿಯೇ ಉಳಿದು ಬಿಸಿಲು ಬಿದ್ದರೆ ಒಂದು ಸಿಂಪರಣೆಯ ಹಣ ಉಳಿಯಿತು.

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮಚ್ಚೆಯಿರುವ ಎಲೆಯ ತುಂಡನ್ನು ಒದ್ದೆ ಹತ್ತಿಯ ಮೇಲಿಟ್ಟು ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ರಾತ್ರಿ ಬಿಡಬೇಕು. ಮಚ್ಚೆಯ ಮೇಲೆ ಕಪ್ಪು ಪುಡಿ ಮೂಡುತ್ತದೆ. ಪಾರದರ್ಶಕ ಅಂಟುಪಟ್ಟಿಯನ್ನು ಅದಕ್ಕೆ ಮೆಲ್ಲಗೆ ಒತ್ತಿ ಗಾಜಿನ ಪಟ್ಟಿಯ ಮೇಲೆ ಅಂಟಿಸಿದರೆ ಬೀಜಕಗಳು ಕಾಣುತ್ತವೆ. ಅಡ್ಡಗೋಡೆ, ಉದ್ದಗೋಡೆಗಳಿಂದ ಕೋಣೆಕೋಣೆಯಾದ ಕಂದು ಗದೆ, ಅದಕ್ಕೊಂದು ನೀಳವಾದ ಬಾಲವಿದ್ದರೆ ಆಲ್ಟರ್ನೇರಿಯಾ. ಬಾಲವಿಲ್ಲದ ಮೋಟು ಅಂಡಾಕಾರವಾದರೆ ಸ್ಟೆಂಫೀಲಿಯಂ. ಊರಿನವರು ಒಂದೇ ಎಂದುಕೊಂಡ ರೋಗ ಎರಡಾಗಿ ಒಡೆಯುವುದನ್ನು ಮಕ್ಕಳು ತಾವೇ ಕಾಣಬಹುದು. ಕೈ ಸೋಪಿನಲ್ಲಿ ತೊಳೆಯುವುದನ್ನು ಮರೆಯಬಾರದು. ಅಂದ ಹಾಗೆ ಪೇಟೆಯಿಂದ ತಂದ ಈರುಳ್ಳಿಯ ಸಿಪ್ಪೆಯಡಿ ಇರುವ ಮಸಿಯಂಥ ಪುಡಿ ಇದಲ್ಲ. ಅದು ಆಸ್ಪರ್ಜಿಲಸ್ ಎಂಬ ದಾಸ್ತಾನಿನ ಬೂಷ್ಟು. ಹೊರಪದರ ತೆಗೆದು ತೊಳೆದು, ಒಳಗೆ ಮೆತ್ತಗಾಗಿದ್ದರೆ ಬಿಸಾಡುವುದು.

ನೇರಳೆ ಮಚ್ಚೆಯ ಬೂಷ್ಟು ಕೊಯ್ಲಿನಲ್ಲೂ ಬೆನ್ನು ಬಿಡುವುದಿಲ್ಲ. ಹಸಿ ಕುತ್ತಿಗೆಯಿಂದಲೋ ಕುರ್ಚಿಗೆ ತಗಲಿದ ಗಾಯದಿಂದಲೋ ಗಡ್ಡೆಯೊಳಗೆ ಇಳಿದು ಹಳದಿಯಿಂದ ಮದ್ಯಗೆಂಪಿಗೆ ತಿರುಗುವ ಕೊಳೆ ತರುತ್ತದೆ. ಮಳೆಯ ಅಂಜಿಕೆಯಲ್ಲಿ, ಲಾರಿ ಬಂದಿದೆ ಎಂಬ ಅವಸರದಲ್ಲಿ ಹಸಿಯಾಗಿಯೇ ಚೀಲಕ್ಕೆ ತುಂಬಿದ ಗಡ್ಡೆ ಯಶವಂತಪುರದ ಮಂಡಿ ಮುಟ್ಟುವಷ್ಟರಲ್ಲಿ ಬೆವರಿರುತ್ತದೆ, ಹರಾಜಿನಲ್ಲಿ ಅದಕ್ಕೆ ಕೊನೆಯ ದರ. ಕಿತ್ತ ಗಿಡಗಳನ್ನು ಸಾಲಾಗಿ ಹರಡಿ, ಒಂದು ಸಾಲಿನ ಎಲೆ ಇನ್ನೊಂದರ ಗಡ್ಡೆಗೆ ನೆರಳಾಗುವಂತೆ ಇಟ್ಟು ಒಣಗಿಸಬೇಕು. ಮಳೆ ಬಂದರೆ ಮಾತ್ರ ಹೊದಿಕೆ, ನಿಂತ ಕೂಡಲೇ ತೆಗೆಯಬೇಕು. ಆಮೇಲೆ ಎರಡು ಸೆಂಟಿಮೀಟರಿನಷ್ಟು ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ ಮತ್ತೆ ನೆರಳಿನಲ್ಲಿ ಆರಹಾಕುವುದು. ಕುತ್ತಿಗೆಯನ್ನು ಎರಡು ಬೆರಳ ನಡುವೆ ಹೊರಳಿಸಿದಾಗ ಒಳಗೇನೂ ಜಾರಬಾರದು, ಒಣ ಕಾಗದದಂತೆ ಸದ್ದು ಮಾಡಬೇಕು. ಚೀಲ ಹೊಲಿಯುವುದು ಆಮೇಲೆ.